ಚಂದ್ರಿಕೆ ಕೋಣೆಯ ದನಿ

ಕೂಟಗಲ್
14-6-1995

ಗೆಳೆಯ ಮುಕ್ತಿಯಾರ್‌ಗೆ,

ಕೈಯಲ್ಲಿ ಫೋನಿಟ್ಟುಕೊಂಡು ಕಾಗದ ಬರೆಯುತ್ತಾನಲ್ಲ, ಇವನಿಗೇನು ಬಂತು ಎಂದು ನೀನು ನಗುವ ಮುಂಚೆಯೇ ಹೇಳಿಬಿಡುತ್ತೇನೆ. ಇದು ಫೋನಿನ ಮೇಲಿನ ದೂರು. ಅದನ್ನು ಅದರ ಬಾಯಲ್ಲೇ ಹೇಳುವ ಹಾಗಿಲ್ಲ.

ರಾಮನಗರದ ನಿನ್ನ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಮೇಲೆ ಆ ಉದ್ದನೆಯ ಏರಿಯಲ್ ನೆಟ್ಟು, ಕೈಗೆ ಈ ಕಾರ್ಡ್‌ಲೆಸ್ ಕೊಟ್ಟು ಕಳಿಸಿದ ದಿನ ನಾನು ಬೀಗಿದ್ದನ್ನು ನೀನೇ ಕಂಡಿದ್ದೀಯೆ. ಗೂಡಿನ ಹರಾಜು ಮುಗಿಯುವ ಮುಂಚೆ ರೇಟು ನನ್ನ ಕಿವಿಯಲ್ಲಿ. ಕೈಯಲ್ಲಿ ಫೋನು, ಊರಲ್ಲಿ ನಾನೇ ನಾನು. ಬಿ.ಎ. ಪಾಸಾದಾಗಲೂ ಇಷ್ಟು ಜನ ನನ್ನನ್ನು ತಿರುಗಿ ನೋಡಿರಲಿಲ್ಲ.

ನಮ್ಮೂರಿನ ಬಂಡೆಗಳ ಕಾಟಕ್ಕೆ ಅದು ಮನೆಯೊಳಗೆ ಮೂಗ. ತೋಟದ ಪಂಪ್‌ಹೌಸಿನ ಹತ್ತಿರ ಮಾತ್ರ ಬಾಯಿ ಬಿಡುತ್ತದೆ. ಅದಕ್ಕೆ ಹಗಲೆಲ್ಲ ಅಲ್ಲೇ ಮೊಳೆಗೆ ತಗುಲಿಸಿರುತ್ತೇವೆ. ಹುಳಕ್ಕೆ ಸೊಪ್ಪು ಕೊಯ್ಯುವ ನನ್ನ ಹೆಂಡತಿ ಕೃಷ್ಣಮ್ಮನೇ ಅದಕ್ಕೆ ಕಾವಲು. ಮೊನ್ನೆ ಮಧ್ಯಾಹ್ನ ಅದು ಕಿರುಗುಟ್ಟಿತಂತೆ. ನೀನೇ ಇರಬೇಕೆಂದು ಎತ್ತಿದಳು. ಆ ಕಡೆ ಬರೀ ಉಸಿರು. ಆಮೇಲೆ ಒಂದು ಹೆಣ್ಣು ದನಿ, ಗೋಡೆಗೂ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ:

“ಯಾರಾದ್ರೂ ಅವ್ರಾ?”

ಫೋನನ್ನು ಸೊಪ್ಪಿನ ಕುಕ್ಕೆಗೆ ಎಸೆದು ಓಡಿ ಬಂದಳು. ಯಾವುದೋ ಗಾಳಿ ಇರಬೇಕು, ಹಗಲು ಹೊತ್ತಿನ ದೆವ್ವ ಇರಬೇಕು ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

“ದೆವ್ವ ಆಗಿದ್ರೆ ಕೇಳ್ತಿರ್ಲಿಲ್ಲ ಕಣ್ರೀ. ನಾವಿರೋದು ಅದ್ಕೆ ಗೊತ್ತಿರ್ತೈತೆ. ಇದು ಯಾರೋ ಬದುಕಿರೋರು.”

ಆ ಮಾತು ಕೇಳಿದ ಮೇಲೆ ನನ್ನ ತಮಾಷೆಯೂ ನಿಂತುಹೋಯಿತು. ನಿನ್ನ ಹೆಂಡತಿ ಮಜೀದಾ ಏನಾದರೂ ಆಟವಾಡಿದರೋ? ಕೇಳಿ ಬರೆ. ಆಟವಾಗಿದ್ದರೆ ಒಳ್ಳೆಯದು.

ಕಿವಿ ನಿಮಿರಿಸಿಕೊಂಡು ಕೂತಿರುವ
ಪುಟ್ಟಲಿಂಗಯ್ಯ


ರಾಮನಗರ
25-6-1995

ಲೇ ಪುಟ್ಟ,

ಮಜೀದಾ ಆಟವಾಡಿಲ್ಲ. ಅವಳೂ ಆ ದನಿ ಕೇಳಿದ್ದಾಳೆ, ನಮ್ಮ ಮನೆಯ ಫೋನಿನ ಪೆಟ್ಟಿಗೆಯಲ್ಲೇ. ನಾನು ಬೈಯುತ್ತೇನೆಂದು ಹೇಳಿರಲಿಲ್ಲವಂತೆ. ನಾನು ಯಾವತ್ತು ಬೈದಿದ್ದೇನೆ ಎಂದು ಕೇಳಿದೆ. ಪಟ್ಟಿ ಒಪ್ಪಿಸಿದಳು.

ಚನ್ನಪಟ್ಟಣಕ್ಕೆ ಹೋಗಿ ಸನಾವುಲ್ಲಾನನ್ನು ಹಿಡಿದೆ. ಗೊಂಬೆ ಅಂಗಡಿಯ ಹಿಂದೆ ಕೂತು ಫಾರಿನ್ ಸಾಮಾನು ಮಾರುವ ಆಸಾಮಿ. ಈ ಫೋನು ಕೊಡುವಾಗ, “ಇಡೀ ಜಿಲ್ಲೆಗೆ ಇದೊಂದೇ ಪೀಸು ಭಾಯ್” ಎಂದು ಗಡ್ಡ ಮುಟ್ಟಿ ಹೇಳಿದ್ದ. ಈಗ ಕೇಳಿದರೆ, ಬಂದದ್ದು ಎರಡು, ಒಂದೇ ಪೆಟ್ಟಿಗೆಯಲ್ಲಿ. “ಅಣ್ತಮ್ಮ ಇದ್ದಂಗೆ ಭಾಯ್. ಇದು ಕೂಗಿದ್ರೆ ಅದೂ ಓ ಅಂತೈತೆ.” ಇನ್ನೊಂದನ್ನು ಯಾರಿಗೆ ಕೊಟ್ಟೆ ಎಂದರೆ ಮರೆತುಹೋಗಿದೆಯಂತೆ. ಐದು ವರ್ಷದ ಹಿಂದೆ ನಾನು ಕುಡಿದ ಚಹಾ ನೆನಪಿರುವ ಮನುಷ್ಯನಿಗೆ ಇದು ಮರೆತುಹೋಗಿದೆ.

ಈಗ ಮುಖ್ಯ ಮಾತು. ಕನಕಪುರದ ಆಚೆ ಕಾಡಂಚಿನಲ್ಲಿ ಪೊಲೀಸರ ಗಸ್ತು ಎಷ್ಟಿದೆ ಎಂದು ನಿನಗೆ ಗೊತ್ತು. ಲೈಸೆನ್ಸ್ ಇಲ್ಲದ ವೈರ್‌ಲೆಸ್ ಇತ್ತೆಂದು ತೋಟದ ಮನುಷ್ಯನೊಬ್ಬನನ್ನು ಕರೆದುಕೊಂಡು ಹೋಗಿದ್ದಾರೆ. ಕಾಡಿನೊಳಗೆ ಯಾರಿಗೆ ಸುದ್ದಿ ಕೊಡುತ್ತಿದ್ದೆ ಎಂದು ಕೇಳುತ್ತಿದ್ದಾರಂತೆ. ಅವನ ಹೆಂಡತಿ ಇನ್ನೂ ಸ್ಟೇಷನ್ನಿಗೆ ಬುತ್ತಿ ಹೊರುತ್ತಿದ್ದಾಳೆ. ನಮ್ಮದಕ್ಕೂ ಲೈಸೆನ್ಸ್ ಇಲ್ಲ ಕಣ್ಲಾ. ಗೂಡಿನ ರೇಟು ಕೇಳೋಕೆ ಇಟ್ಟುಕೊಂಡಿದ್ದೀವಿ ಸ್ವಾಮಿ ಎಂದರೆ ಮೊದಲು ನಗುತ್ತಾರೆ, ಆಮೇಲೆ ಹೊಡೆಯುತ್ತಾರೆ.

ಆದ್ದರಿಂದ ಫೋನಿನಲ್ಲಿ ನಿನ್ನ ಹೆಸರಿಲ್ಲ, ನನ್ನ ಹೆಸರಿಲ್ಲ, ಊರಿನ ಹೆಸರಂತೂ ಇಲ್ಲವೇ ಇಲ್ಲ. ಕೃಷ್ಣಮ್ಮನಿಗೂ ಹೇಳು. ಏನಿದ್ದರೂ ಕಾಗದ ಬರೆ. ಮಾತಾಡೋಕೆ ಯಂತ್ರ ತಂದು, ಯಂತ್ರಕ್ಕೆ ಹೆದರಿ ಅಂಚೆ ಡಬ್ಬಿಗೆ ವಾಪಸು ಬಂದೆವು ನೋಡು.

ನಿನ್ನ ಅರ್ಧ ಧೈರ್ಯದ ಪಾಲುದಾರ
ಮುಕ್ತಿಯಾರ್


ಕೂಟಗಲ್
30-7-1995

ಮುಕ್ತಿಯಾರ್,

ಕೃಷ್ಣಮ್ಮ ನನ್ನ ಮಾತು ಕೇಳಿಲ್ಲ. ಇನ್ನು ನಿನ್ನ ಮಾತು ಕೇಳುತ್ತಾಳೆಯೇ?

ಸೊಪ್ಪಿಗೆ ಹೋದಾಗಲೆಲ್ಲ ಆ ದನಿಗೆ ಕಾಯುತ್ತಾಳೆ, ಮಾತಾಡುತ್ತಾಳೆ. ಸಂಜೆ ರಾಗಿ ಮುದ್ದೆ ತೊಳಸುತ್ತ ನನಗೆ ಅಷ್ಟಷ್ಟೇ ಹೇಳುತ್ತಾಳೆ. ನಾನು ಬೇಡವೆನ್ನುತ್ತೇನೆ, ಆಮೇಲೆ ಮುಂದೇನಾಯಿತು ಎಂದು ಕೇಳುತ್ತೇನೆ.

ಆ ಹುಡುಗಿ ಬಸುರಿ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಎರಡು ಬೆಳೆ ಹುಳು, ಮೈ ಮೆತ್ತಗಾಗಿ ಸಾಯುವ ಸಪ್ಪೆ ರೋಗಕ್ಕೆ ಹೋದವಂತೆ. ಸುತ್ತಮುತ್ತಲಿನವರೆಲ್ಲ ಗೂಡು ಮಾರಿ ಮನೆಗೆ ತಾರಸಿ ಹಾಕಿಸುತ್ತಿರುವ ಕಾಲದಲ್ಲಿ ಇವರ ಹುಳು ಮಾತ್ರ ತಿಪ್ಪೆಗೆ. ಬಸುರಿಯ ನೆರಳು ಹುಳದ ಮೇಲೆ ಬೀಳಬಾರದು ಎನ್ನುವುದು ನಮ್ಮ ಕಡೆಯ ಮಾತು, ನಿನಗೆ ಗೊತ್ತಿರುವುದೇ. ಬೇರೆ ಮನೆಗಳಲ್ಲಿ, ಅತ್ತ ಹೋಗಬೇಡಮ್ಮ ಎನ್ನುತ್ತಾರೆ, ಅಷ್ಟೇ. ಈ ಮನೆಯವರು ಮರಿ ಹುಳು ತಂದ ದಿನದಿಂದ ಹುಳು ಗೂಡಿಗೆ ಬರುವವರೆಗೆ ಅವಳನ್ನು ಚಂದ್ರಿಕೆ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಜಡಿಯುತ್ತಾರೆ. ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟಿಗಳು ಬೆಳೆಯ ಕೊನೆಗೆ ಬಿಟ್ಟರೆ ಯಾರಿಗೂ ಬೇಡ. ಆ ಕೋಣೆಗೆ ಯಾರೂ ಹೋಗುವುದಿಲ್ಲ. ಪೊಲೀಸರ ಭಯಕ್ಕೆ ಅವಳ ಮಾವ ಫೋನನ್ನೂ ತಂದು ಅದೇ ತಟ್ಟಿಗಳ ಹಿಂದೆ ಬಚ್ಚಿಟ್ಟಿದ್ದಾನೆ. ಹೊರಗೆ ಕಾಣಿಸಬಾರದವು ಎರಡೂ ಒಂದೇ ಕೋಣೆಯಲ್ಲಿ. ಕತ್ತಲಲ್ಲಿ ಹಸಿರು ದೀಪ ಕಂಡು ಒತ್ತಿದಳಂತೆ.

ಮೊನ್ನೆ ಅವರಿಬ್ಬರ ಮಾತು ನಾನೇ ಪಕ್ಕದಲ್ಲಿ ನಿಂತು ಕೇಳಿದೆ.

“ಅಕ್ಕ, ನಿಮ್ದು ಯಾವೂರು?”

ಕೃಷ್ಣಮ್ಮ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ, ಬೇಡವೆಂದು.

“ಇಲ್ಲೇ ಕಣವ್ವ. ನಿಂದು?”

“ನಂದೂ ಇಲ್ಲೇ ಕಣಕ್ಕ.”

ಇಬ್ಬರೂ ಇಲ್ಲೇ ಇದ್ದಾರೆ. ಈ ಇಲ್ಲೇ ಎಂಬ ಊರು ಯಾವ ಹೋಬಳಿಗೆ ಸೇರಿದ್ದೋ ಆ ದೇವರೇ ಹೇಳಬೇಕು. ನಾವು ಪೊಲೀಸರಿಗೆ ಹೆದರುತ್ತೇವೆ. ಅವಳು, ಎಲ್ಲಿ ನಾವು ಅವಳ ಮಾವನ ನೆಂಟರೋ ಎಂದು ನಮಗೆ ಹೆದರುತ್ತಾಳೆ. ಗಾಳಿಗೆ ಬೇಲಿ ಇಲ್ಲ, ಆದರೂ ಬಾಯಿಗೆ ಬೀಗ.

ಸ್ಟೇಷನ್ನಿಗೆ ಹೇಳಿದರೆ ಮೊದಲ ಪ್ರಶ್ನೆ, ನಿನಗೆ ಹೇಗೆ ಕೇಳಿಸಿತು ಎಂದು. ಏನು ಮಾಡಬೇಕೆಂದು ಬರೆ.

ಪುಟ್ಟಲಿಂಗಯ್ಯ


ರಾಮನಗರ
20-8-1995

ಪುಟ್ಟ,

ಮೂರು ವಾರ ಬರೆಯದೆ ಇದ್ದದ್ದಕ್ಕೆ ಕಾರಣ ಇಷ್ಟೇ. ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ.

ಸನಾವುಲ್ಲಾ ಕೊನೆಗೂ ಬಾಯಿ ಬಿಟ್ಟ. ಇನ್ನೊಂದು ಫೋನು ಮರಳವಾಡಿ ಕಡೆಯ ಬಸವಯ್ಯನದು. ಮಾರುಕಟ್ಟೆಯಲ್ಲಿ ನೀನೂ ನೋಡಿದ್ದೀಯೆ, ಬಿಳಿ ಟವೆಲ್ಲು, ಮೆಲ್ಲಗಿನ ಮಾತು. ಅವನು ಗೂಡು ಸುರಿದ ಕಡೆ ನಾವು ನೂಲು ಬಿಚ್ಚಾಣಿಕೆಯವರೆಲ್ಲ ಇರುವೆಗಳ ಹಾಗೆ ಮುತ್ತುತ್ತೇವೆ. ನಾನೂ ಮುತ್ತಿದ್ದೇನೆ. ಹೋದ ತಿಂಗಳು ನನ್ನ ಭುಜ ತಟ್ಟಿ, ಮಕ್ಕಳು ಚೆನ್ನಾಗವ್ರಾ ಸಾಬ್ರೇ ಎಂದು ಕೇಳಿದ. ಆ ಹೊತ್ತಿನಲ್ಲಿ ಅವನ ಸೊಸೆ ಎಲ್ಲಿದ್ದಳು ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ.

ಇದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿದೆ. ಫೋನು ಚಾರ್ಜಿಗೆ ಹಾಕಲು ಅವನು ಹೊರಗೆ ತಂದಿದ್ದಾಗ ಅದು ಕಿರುಗುಟ್ಟಿದೆ. ಎತ್ತಿದ್ದಾನೆ. ಅವಳೇ ಎಂದುಕೊಂಡು ಕೃಷ್ಣಮ್ಮ, “ಊಟ ಕೊಟ್ರೇನವ್ವ?” ಎಂದಿದ್ದಾಳೆ. ಬಸವಯ್ಯ ಬೈಯದೆ ಫೋನು ಕೆಳಗಿಟ್ಟಿದ್ದಾನೆ. ಮಾರನೆಯ ದಿನ ಸನಾವುಲ್ಲಾನ ಅಂಗಡಿಗೆ ಬಂದು ಸ್ಟೂಲು ಎಳೆದು ಕೂತನಂತೆ. “ನನ್ನ ಫೋನಲ್ಲಿ ಯಾವಳೋ ಹೆಂಗ್ಸು ಮಾತಾಡ್ತಾವ್ಳೆ. ಜೋಡಿ ಸೆಟ್ಟು ಯಾರತ್ರ ಐತೆ, ಒಸಿ ಯೋಚ್ನೆ ಮಾಡಿ ಹೇಳು. ಆತ್ರ ಇಲ್ಲ.” ಸನಾವುಲ್ಲಾ ಸದ್ಯಕ್ಕೆ ಮರೆತಿದ್ದಾನೆ. ಎಷ್ಟು ದಿನ ಮರೆತಿರುತ್ತಾನೋ ಗೊತ್ತಿಲ್ಲ.

ಬ್ಯಾಟರಿ ಬಿಚ್ಚಿಡು. ಕೃಷ್ಣಮ್ಮನ ಕೈಗೆ ಸಿಗದ ಕಡೆ ಇಡು. ನಾನು ಏರಿಯಲ್ ಇಳಿಸುತ್ತೇನೆ. ಆ ಹುಡುಗಿಗೆ ತವರು ಅಂತ ಒಂದಿರುತ್ತದೆ, ಅವರು ನೋಡಿಕೊಳ್ಳುತ್ತಾರೆ. ಹೀಗೆ ಬರೆದು ಮಜೀದಾಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಮುಕ್ತಿಯಾರ್

ಮಾತಿಗೊಂದು ಪ್ರಾಸ ಕಟ್ಟುವವನು ನೀನು, ಹೋದ ಕಾಗದದಲ್ಲಿ ಅದು ಕಡಿಮೆಯಾಗಿತ್ತು. ಅದನ್ನು ನೋಡಿಯೇ ನನಗೆ ಹೆಚ್ಚು ಹೆದರಿಕೆಯಾಯಿತು.


ಕೂಟಗಲ್
2-9-1995, ಶನಿವಾರ

ಮಜೀದಕ್ಕನಿಗೆ ಕೃಷ್ಣಮ್ಮ ಮಾಡುವ ನಮಸ್ಕಾರ.

ನಾನು ಏಳನೇ ಕ್ಲಾಸಿಗೇ ಬಿಟ್ಟವಳು, ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ. ಈ ಕಾಗದ ಅಂಚೆಗೆ ಹಾಕಿಲ್ಲ, ತಡವಾಗುತ್ತದೆ. ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟಿದ್ದೇನೆ.

ನಮ್ಮವರು ಬ್ಯಾಟರಿ ಬಿಚ್ಚಿ ಹುರುಳಿ ಡಬ್ಬದಲ್ಲಿ ಹೂತಿಟ್ಟಿದ್ದರು. ಹುರುಳಿ ಬೇಯಿಸುವವಳು ನಾನು ಅನ್ನುವುದು ಬಿ.ಎ. ಓದಿದವರಿಗೆ ಹೊಳೆಯಲಿಲ್ಲ. ತೆಗೆದು ಹಾಕಿದೆ. ನಿಮ್ಮ ಮನೆಯವರೂ ಏರಿಯಲ್ ಇಳಿಸಿಲ್ಲ ಅಂತ ಆಗ ಗೊತ್ತಾಯಿತು, ದನಿ ಬಂತು.

ಈ ಸಲ ನಾನೇ ಮೊದಲು ಹೇಳಿದೆ. ನಾನು ಕೃಷ್ಣಮ್ಮ, ಕೂಟಗಲ್ಲು, ನನ್ನ ಗಂಡನ ಹೆಸರು ಇಂಥದ್ದು ಅಂತ. ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಹೇಳಿದಳು. ಹೆಸರು ಮಾಯಮ್ಮ. ಬಸವಯ್ಯನ ಸೊಸೆ ಹೌದು. ಈಗ ಏಳು ತಿಂಗಳು. ತವರಿಗೆ ಎರಡು ಸಲ ಹೋಗಿದ್ದಳಂತೆ, ಎರಡು ಸಲವೂ ಅವರೇ ತಂದು ಬಿಟ್ಟು ಹೋದರಂತೆ.

ಅವರ ಮನೆ ಹುಳು ನಾಲ್ಕನೇ ಜ್ವರ ಬಿಟ್ಟು ಗುರುವಾರ ಎದ್ದಿವೆ. ಜ್ವರ ಅಂದರೆ ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವುದು, ನಿಮಗೆ ಗೂಡು ಗೊತ್ತು, ಹುಳು ಗೊತ್ತಿಲ್ಲ ಅಂತ ಹೇಳಿದೆ. ಇನ್ನೊಂದು ವಾರಕ್ಕೆ ಹಣ್ಣಾಗುತ್ತವೆ, ಅಂದರೆ ಗೂಡು ಕಟ್ಟುವುದಕ್ಕೆ ತಯಾರಾಗುತ್ತವೆ. ಆಗ ಚಂದ್ರಿಕೆ ಬೇಕು, ಕೋಣೆ ತೆಗೆಯಬೇಕು, ಹುಳು ಹೆಕ್ಕುವುದಕ್ಕೆ ಊರ ಹೆಂಗಸರು ಬರುತ್ತಾರೆ. ಅವರ ಕಣ್ಣಿಗೆ ಬೀಳಬಾರದು, ಅಷ್ಟರೊಳಗೆ ನಿನ್ನನ್ನು ಬೇರೆ ಕಡೆ ಸಾಗಿಸುತ್ತೇವೆ ಅಂದರಂತೆ. ಯಾವ ಕಡೆ ಅತ್ತೆ ಅಂತ ಕೇಳಿದ್ದಕ್ಕೆ ಅತ್ತೆ ತಟ್ಟೆ ಇಟ್ಟು ಚಿಲಕ ಹಾಕಿಕೊಂಡು ಹೋದರಂತೆ. ಹೋದ ಸಲದ ಬೆಳೆಯಲ್ಲಿ ಬೈಯುವುದಾದರೂ ಬೈಯುತ್ತಿದ್ದರಂತೆ. ಈ ಸಲ ಬೈಯುತ್ತಿಲ್ಲ ಅಂತ ಅವಳಿಗೆ ಭಯ.

ಅವಳು ಒತ್ತುತ್ತಾಳೆ ಅಂತ ಮಾವನಿಗೆ ಹೊಳೆದಿಲ್ಲ, ಫೋನು ಮತ್ತೆ ಅಲ್ಲೇ ಬಚ್ಚಿಟ್ಟಿದ್ದಾರಂತೆ. ಅದರ ಚಾರ್ಜು ಮುಗಿಯುತ್ತಾ ಬಂದಿದೆ, ದನಿ ದೂರ ಹೋಗುತ್ತಿದೆ. ಇನ್ನು ಕೇಳಿಸುತ್ತದೋ ಇಲ್ಲವೋ.

ಹುಳು ಹಣ್ಣಾದ ದಿನ ಯಾರು ಬಂದರೂ ಒಳಕ್ಕೆ ಬಿಡುತ್ತಾರೆ ಅಕ್ಕ. ಹೆಸರು ಕೇಳುವುದಿಲ್ಲ, ಎರಡು ಕೈ ಇದ್ದರೆ ಸಾಕು. ನಾನು ಕೂಲಿಯವಳ ಹಾಗೆ ಹೋಗುತ್ತೇನೆ. ನೀವು ಮರಳವಾಡಿ ಬಸ್ ಸ್ಟ್ಯಾಂಡಿನವರೆಗೆ ಬರುತ್ತೀರಾ? ಒಬ್ಬಳೇ ಹೋಗುವುದಕ್ಕೆ ನನಗೆ ಬಹಳ ಭಯ.

ನಿಮ್ಮ ದಾರಿ ಕಾಯುವ
ಕೃಷ್ಣಮ್ಮ


ರಾಮನಗರ
8-9-1995, ಶುಕ್ರವಾರ

ಪುಟ್ಟ,

ನಿಂತಿದ್ದರೆ ಕೂತು ಓದು. ಕೃಷ್ಣಮ್ಮ ನಮ್ಮ ಮನೆಯಲ್ಲಿದ್ದಾಳೆ. ಗೂಡಿನ ಲೆಕ್ಕ ಮಾತಾಡಲು ಮಜೀದಾ ಕರೆದಳು ಎಂದು ನಿನಗೆ ಹೇಳಿ ಬಂದಳಂತೆ. ಗೂಡಿನ ಮಾತು ಬರಲಿಲ್ಲ. ಜೊತೆಗೆ ಇನ್ನೊಬ್ಬಳಿದ್ದಾಳೆ. ಇಬ್ಬರೂ ಈಗ ಮಲಗಿದ್ದಾರೆ. ನಡೆದದ್ದನ್ನು ನಿನ್ನ ಹೆಂಡತಿ ಹೇಳಿದ ಹಾಗೆ ಬರೆಯುತ್ತೇನೆ.

ನಿನ್ನೆ ಮರಳವಾಡಿಯಲ್ಲಿ ಬಸ್ಸಿಳಿದು, ಮಜೀದಾಳನ್ನು ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಇವಳು ಕೂಲಿ ಹೆಂಗಸರ ಹಿಂದೆ ನಡೆದಿದ್ದಾಳೆ. ಬಸವಯ್ಯನೇ ಜಗಲಿ ಮೇಲೆ ನಿಂತಿದ್ದನಂತೆ. “ಬನ್ರವ್ವ ಬನ್ರಿ, ಬೇಗ್ ಬೇಗ್ನೆ. ಹುಳ ಓಡಾಡ್ತಾವೆ.” ಹೆಸರು ಕೇಳಲಿಲ್ಲ. ಆದರೆ ಹುಳು ಇವಳ ಲೆಕ್ಕಕ್ಕಿಂತ ಮುಂಚೆಯೇ ಹಣ್ಣಾಗಿದ್ದವು. ಚಂದ್ರಿಕೆಗಳೆಲ್ಲ ಆಗಲೇ ಅಂಗಳದಲ್ಲಿ. ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಒಂದು ಚಾಪೆ, ಒಂದು ಸ್ಟೀಲು ತಟ್ಟೆ, ಅಷ್ಟೇ.

ಯಾರನ್ನೂ ಕೇಳುವ ಹಾಗಿಲ್ಲ. ಹಣ್ಣು ಹುಳು ಹೆಕ್ಕುತ್ತ ಕೂತಳಂತೆ. ಅಷ್ಟು ವರ್ಷದಿಂದ ಮುಟ್ಟಿದ ಹುಳು, ನಿನ್ನೆ ಒಂದೊಂದೂ ಬೆರಳಿಗೆ ತಣ್ಣಗೆ ಹತ್ತಿತು ಎಂದಳು.

ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದಾಗ ಕಂಡದ್ದು, ದನದ ಕೊಟ್ಟಿಗೆಯಲ್ಲಿ ಗೋದಲಿಯ ಅಂಚಿಗೆ ಕೂತ ಒಬ್ಬ ಹುಡುಗಿ. ತೊಡೆಯ ಮೇಲೆ ಬಟ್ಟೆ ಗಂಟು. ಕೊಟ್ಟಿಗೆಗೆ ಬಾಗಿಲೇ ಇಲ್ಲ ಪುಟ್ಟ. ಕಾವಲಿಗೆ ಯಾರೂ ಇಲ್ಲ. ವ್ಯಾನು ಬರ್ತೈತೆ, ಇಲ್ಲೇ ಕೂತಿರು ಅಂದಿದ್ದರಂತೆ, ಕೂತಿದ್ದಾಳೆ.

“ಮಾಯವ್ವ, ನಾನು ಕೂಟಗಲ್ಲೋಳು.”

ಮಾತು ಮುಗಿಯುವ ಮೊದಲೇ ಎದ್ದು ನಿಂತಳಂತೆ. ಕಂಡಿದ್ದು ಈಗ, ಕೇಳಿದ್ದು ಮೂರು ತಿಂಗಳಿಂದ.

ಹಿತ್ತಲಿಗೆಲ್ಲ ಮುಳ್ಳುಬೇಲಿ, ಅಂಗಳ ದಾಟದೆ ದಾರಿಯಿಲ್ಲ. ಇವಳು ಅವಳ ಕೈ ಹಿಡಿದು ಅಷ್ಟೂ ಜನರ ನಡುವೆ ನಡೆದಿದ್ದಾಳೆ. ಬಸವಯ್ಯ ಎದುರಿಗೆ ಬಂದ. ಎರಡೂ ಕೈಯಲ್ಲಿ ಹಣ್ಣು ಹುಳದ ದೊಡ್ಡ ತಟ್ಟೆ.

“ಎಲ್ಲಿಗಮ್ಮ ಕರ್ಕೊಂಡೋಯ್ತಿದ್ದೀಯೆ ಅವಳ್ನ? ಯಾವೂರೋಳು ನೀನು?”

ದನಿ ಕೇಳಿದರೆ ಗುರುತು ಹಿಡಿಯುತ್ತಾನೆ ಎಂದು ಇವಳಿಗೆ ಗೊತ್ತಿತ್ತು. ಆದರೂ ಮಾತಾಡಿದ್ದಾಳೆ.

“ಬಸ್ ಸ್ಟ್ಯಾಂಡಿಗೆ ಕಣಣ್ಣ. ಬಸ್ರಿ ಹೆಂಗ್ಸು ಹುಳ ಇರೋ ಕಡೆ ಇರ್ಬಾರ್ದಲ್ವಾ.”

ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರಂತೆ. ಬಸವಯ್ಯನ ಮುಖದಲ್ಲಿ ಗುರುತು ಹತ್ತಿದ್ದು ಕಾಣಿಸಿತಂತೆ. ಆದರೆ ಅವನ ತಟ್ಟೆಯಲ್ಲಿ ಹುಳು ಆಗಲೇ ಬಾಯಲ್ಲಿ ಎಳೆ ಬಿಡುತ್ತಿದ್ದವು. ಕೆಳಗಿಟ್ಟರೆ ತಟ್ಟೆಗೇ ನೂಲು ಸುತ್ತಿ ಹಾಳಾಗುತ್ತವೆ. ಎರಡು ಬೆಳೆ ಕಳೆದುಕೊಂಡವನು. ಇಳಿಸಲಿಲ್ಲ. ಮಗನನ್ನು ಕೂಗಿದ. ಮಗ ಅಲ್ಲೇ ಚಂದ್ರಿಕೆ ನಿಲ್ಲಿಸುತ್ತಿದ್ದ. ಹೆಂಡತಿಯನ್ನು ನೋಡಿದ, ಅಪ್ಪನನ್ನು ನೋಡಿದ, ಆಮೇಲೆ ಚಂದ್ರಿಕೆಯ ಕಡೆ ಮುಖ ತಿರುಗಿಸಿ ನಿಂತ. “ಏನ್ ನೋಡ್ತಿದ್ದೀರವ್ವ, ಹೆಕ್ರಿ” ಎಂದು ಬಸವಯ್ಯ ಕೂಲಿಯವರ ಮೇಲೆ ರೇಗಿದನಂತೆ. ಇಬ್ಬರೂ ಗೇಟು ದಾಟಿದರು. ಓಡಲಿಲ್ಲ, ಅವಳಿಗೆ ಓಡಲು ಆಗುತ್ತಿರಲಿಲ್ಲ.

ಬಸ್ಸಿನಲ್ಲಿ ಬುರ್ಖಾದ ಇಬ್ಬರು ಕೂತು ಬಂದರು, ಒಬ್ಬಳಿಗೆ ಉರ್ದು ಬರುತ್ತಿರಲಿಲ್ಲ. ಕಂಡಕ್ಟರ್ ಏನು ಕೇಳಿದರೂ ಮಜೀದಾಳೇ ಉತ್ತರ ಕೊಟ್ಟಳು. ಎರಡನೇ ಬುರ್ಖಾವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದಾಳೆಂದರೆ ಇವರು ಎಷ್ಟು ದಿನದಿಂದ ಯೋಚಿಸಿದ್ದರೋ. ನಾವಿಬ್ಬರು ಗಂಡಸರು ಕಾಗದ ಬರೆಯುತ್ತಿದ್ದೆವು.

ಏರಿಯಲ್ ಇವತ್ತು ಇಳಿಸಿದೆ. ಕಾಗದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ, ನಾಳೆ ಬಾ.

ಮುಕ್ತಿಯಾರ್


ಕೂಟಗಲ್
17-10-1995

ಮುಕ್ತಿಯಾರ್,

ನೀನು ಕೇಳಿದ್ದಕ್ಕೆ ಉತ್ತರ: ಮಾಯಮ್ಮ ನಮ್ಮ ಮನೆಗೆ ಬಂದು ತಿಂಗಳು ದಾಟಿತು, ಬಸವಯ್ಯ ಬಂದಿಲ್ಲ. ಅವನು ಪೊಲೀಸರಿಗೆ ಹೇಳಬೇಕೆಂದರೆ ಅವನ ಫೋನಿಗೂ ಲೈಸೆನ್ಸ್ ಇಲ್ಲವಲ್ಲ. ನಮ್ಮ ಬಾಯಿ ಕಟ್ಟಿದ ಹೆದರಿಕೆ ಅವನ ಬಾಯನ್ನೂ ಕಟ್ಟಿದೆ. ಆದರೂ ರಸ್ತೆಯಲ್ಲಿ ಜೀಪಿನ ಸದ್ದಾದರೆ ನಾನು ಎದ್ದು ನಿಲ್ಲುತ್ತೇನೆ. ಅವಳ ಗಂಡ ಒಂದು ದಿನ ಬಂದಿದ್ದ. ಸೈಕಲ್ ಹಿಡಿದು ರಸ್ತೆಯ ಆ ಬದಿಯಲ್ಲೇ ನಿಂತಿದ್ದು ಹೊರಟುಹೋದ. ಮಾಯಮ್ಮ ಕಿಟಕಿಯಿಂದ ನೋಡಿದಳು.

ಆದರೆ ಈ ಕಾಗದ ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ನಮ್ಮ ಮನೆಗೂ ಹುಳು ತಂದೆವು. ಅವ್ವನ ಸ್ವಭಾವ ಗೊತ್ತಲ್ಲ, ದಾಸಮ್ಮ ಎಂದರೆ ಬೀದಿಯೇ ಒಂದು ಹೆಜ್ಜೆ ಹಿಂದೆ. ಹುಳು ಬಂದ ದಿನದಿಂದ ಮಾತಿಲ್ಲ, ಬರೀ ನೋಟ. ಮೊದಲನೆಯ ವಾರ ಮಾಯಮ್ಮ ತಾನೇ ದೂರವಿದ್ದಳು. ಹುಳುಮನೆಯ ಕಡೆ ತಲೆ ಕೂಡ ಹಾಕುತ್ತಿರಲಿಲ್ಲ. ಒಂದು ಬೆಳಿಗ್ಗೆ ಕೃಷ್ಣಮ್ಮ ಒಳಗಿನಿಂದ, “ಮಾಯವ್ವ, ಆ ಸೊಪ್ಪಿನ ಕುಕ್ಕೆ ಒಸಿ ತತ್ತಾ” ಎಂದು ಕೂಗಿದಳು. ಅವಳು ಕುಕ್ಕೆ ಎತ್ತಿಕೊಂಡು ಬಾಗಿಲಿಗೆ ಬಂದಳು. ಬಾಗಿಲಲ್ಲಿ ನಾನಿದ್ದೆ. ನನ್ನ ಕೈ ಅಡ್ಡ ಹೋಯಿತು ಮುಕ್ತಿಯಾರ್. ನಾನು ಹೇಳಿ ಹೋದದ್ದಲ್ಲ, ತಾನೇ ಹೋಯಿತು. “ಬ್ಯಾಡ ಕಣಮ್ಮ, ಒಳಗೆ ಹುಳ ಅವೆ” ಎಂದೆ. ಮೆಲ್ಲಗೇ ಹೇಳಿದೆ. ಬಸವಯ್ಯನ ಮಾತೂ ಮೆಲ್ಲಗೆ ಎಂದು ನೀನು ಬರೆದಿದ್ದೆ.

ಅವಳು ಕುಕ್ಕೆ ಇಳಿಸಿ ಹಿಂದೆ ಸರಿದಳು. ಮುಖದಲ್ಲಿ ಬೇಸರವೂ ಇರಲಿಲ್ಲ, ಅಭ್ಯಾಸವಿತ್ತು. ಕೃಷ್ಣಮ್ಮ ಹೊರಗೆ ಬಂದು ನನ್ನ ಕೈಯನ್ನು ಬಾಗಿಲ ಚೌಕಟ್ಟಿನಿಂದ ತೆಗೆದು, ಅವಳನ್ನು ಒಳಗೆ ಕರೆದುಕೊಂಡು ಹೋದಳು. ಅವತ್ತಿನಿಂದ ಇಬ್ಬರೂ ಸೊಪ್ಪು ಹಾಕುತ್ತಾರೆ.

ನಿನ್ನೆಯಿಂದ ಎರಡು ತಟ್ಟೆಯ ಹುಳು ಸೊಪ್ಪು ಮುಟ್ಟುತ್ತಿಲ್ಲ. ಮೈ ಮೆತ್ತಗಾಗಿದೆ. ಮೂರು ದಿನದ ಮಳೆಗೆ ನೆನೆದ ಸೊಪ್ಪನ್ನು ಆರಿಸದೆ, ಆತುರಕ್ಕೆ ಆ ತಟ್ಟೆಗಳಿಗೆ ಹಾಕಿದವನು ನಾನು. ಹಾಕುವಾಗಲೇ ಗೊತ್ತಿತ್ತು. ಆದರೂ ಇವತ್ತು ಬೆಳಿಗ್ಗೆ ಆ ತಟ್ಟೆ ನೋಡಿದಾಗ ನನ್ನ ತಲೆಗೆ ಮೊದಲು ಬಂದದ್ದು ಸೊಪ್ಪಲ್ಲ. ಅದೇನೆಂದು ಬರೆಯುವುದಿಲ್ಲ. ನೀನು ಬಲ್ಲೆ. ಇದಕ್ಕೆ ಪ್ರಾಸ ಹುಡುಕುವ ಧೈರ್ಯವೂ ನನಗಿಲ್ಲ.

ಅವ್ವ ಬಾಗಿಲಲ್ಲಿ ನಿಂತು ನನ್ನ ಬಾಯಿ ನೋಡುತ್ತಿದ್ದಳು. ಮಾಯಮ್ಮನೂ ಅದನ್ನೇ ನೋಡುತ್ತಿದ್ದಳು. ಅಷ್ಟು ಹೆದರಿಕೆ ನನಗೆ ಪೊಲೀಸರ ವಿಷಯದಲ್ಲೂ ಆಗಿರಲಿಲ್ಲ.

“ಸೊಪ್ಪು ನೆಂದಿತ್ತು ಕಣವ್ವ. ನಾನೇ ಹಾಕ್ಬುಟ್ಟೆ” ಎಂದೆ.

ಅವ್ವ ಒಳಗೆ ಹೋದಳು. ನಂಬಿದಳೋ ಇಲ್ಲವೋ ತಿಳಿಯದು. ಮಾಯಮ್ಮ ಬಂದು ಆ ತಟ್ಟೆಗಳನ್ನು ಬೇರೆ ಮಾಡಿ, ಸತ್ತ ಹುಳು ಆರಿಸತೊಡಗಿದಳು. ಒಂದೊಂದನ್ನು ತೆಗೆಯುವಾಗಲೂ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು.

ನಾಳೆ ಇನ್ನೂ ಎರಡು ತಟ್ಟೆ ಹೋಗಬಹುದು, ಇಡೀ ಬೆಳೆಯೇ ಹೋಗಬಹುದು. ಆಗಲೂ ಇದೇ ಮಾತು ಹೇಳುತ್ತೇನೆ ಎಂದು ನಿನ್ನ ಕೈಗೆ ಬರೆದುಕೊಡುತ್ತಿದ್ದೇನೆ. ಒಂದು ವೇಳೆ ಬೇರೆ ಏನಾದರೂ ಹೇಳಿದೆನೆಂದು ನಿನ್ನ ಕಿವಿಗೆ ಬಿದ್ದರೆ, ಈ ಕಾಗದ ತೆಗೆದುಕೊಂಡು ಬಸ್ಸು ಹತ್ತಿ ಬಾ. ಅವ್ವನ ಮುಂದೆ, ಅವಳ ಮುಂದೆ ಗಟ್ಟಿಯಾಗಿ ಓದು.

ನಿನ್ನ
ಪುಟ್ಟಲಿಂಗಯ್ಯ